ಕಡಗದ ನಂಟು, ಅಕ್ಷರದ ನಂಟು: ಬಿಯೊವುಲ್ಫ್ ಓದಿದವರು, ಓದಬೇಕೆಂದಿರುವವರು ಬನ್ನಿ

ಹತ್ತುಸಾಲು · ಶನಿವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಎಂ.ಎ. ಇಂಗ್ಲಿಷ್ ಓದುವಾಗ ಬಿಯೊವುಲ್ಫ್ ಎಂಬ ಹಳೆಯ ಇಂಗ್ಲಿಷ್ ವೀರಕಾವ್ಯ ನನ್ನ ಪಾಲಿಗೆ ಗೈಡಿನ ಒಂದೂವರೆ ಪುಟ ಅಷ್ಟೇ ಆಗಿತ್ತು. "ಆಂಗ್ಲೋ-ಸ್ಯಾಕ್ಸನ್ ಕಾವ್ಯದ ಲಕ್ಷಣಗಳು" ಅಂತ ಒಂದು ಪ್ರಶ್ನೆ, ಅದಕ್ಕೆ ಆರು ಪಾಯಿಂಟು. ಬರೆದೆ, ಪಾಸಾದೆ, ಮರೆತೆ. ಹೋದ ವರ್ಷ ಗಣೇಶನ ಹಬ್ಬದ ಮಾರನೇ ದಿನ ಮತ್ತೆ ಹಿಡಿದೆ. ಒಂದು ಕಡೆ ಹಳೆಯ ಇಂಗ್ಲಿಷ್ ಮೂಲ, ಇನ್ನೊಂದು ಕಡೆ ಅರ್ಥಕೋಶ, ದಿನಕ್ಕೆ ಹತ್ತು ಸಾಲು. ಒಟ್ಟು 3182 ಸಾಲು. ಮೊನ್ನೆ ಮುಗಿಯಿತು. ಮುಗಿಸಿದ ಮೇಲೆ ಯಾರ ಹತ್ತಿರವಾದರೂ ಮಾತಾಡಲೇಬೇಕು ಅನ್ನಿಸಿತು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಡೇನರ ರಾಜ ಹ್ರೋತ್‌ಗಾರ್ ಹೆಯೊರೊಟ್ ಎಂಬ ದೊಡ್ಡ ಹಜಾರ ಕಟ್ಟಿಸುತ್ತಾನೆ. ಗ್ರೆಂಡೆಲ್ ಎಂಬ ರಕ್ಕಸ 12 ವರ್ಷ ರಾತ್ರಿ ಹೊತ್ತು ಅಲ್ಲಿಗೆ ನುಗ್ಗಿ ಮಲಗಿದವರನ್ನು ತಿನ್ನುತ್ತಾನೆ. ಈಗಿನ ದಕ್ಷಿಣ ಸ್ವೀಡನ್ ಕಡೆಯ ಗೀಟ್ ಜನರ ತರುಣ ಬಿಯೊವುಲ್ಫ್ 14 ಜನರನ್ನು ಕಟ್ಟಿಕೊಂಡು ಕಡಲು ದಾಟಿ ಬಂದು, ಬರಿಗೈಯಲ್ಲಿ ಅವನ ತೋಳು ಕೀಳುತ್ತಾನೆ. ಸೇಡಿಗೆ ಬಂದ ಗ್ರೆಂಡೆಲನ ತಾಯಿಯನ್ನು ಮಡುವಿನ ತಳದಲ್ಲಿ ಕೊಲ್ಲುತ್ತಾನೆ. ಮುಂದೆ ತಾನೇ ರಾಜನಾಗಿ 50 ವರ್ಷ ಆಳಿ, ಮುಪ್ಪಿನಲ್ಲಿ ಡ್ರ್ಯಾಗನ್ ಜೊತೆ ಕಾದಾಡಿ ಸಾಯುತ್ತಾನೆ.

ಇಷ್ಟು ದಿನ ಓದಿ ನನಗೆ ಹೊಳೆದದ್ದು ಒಂದೇ ಮಾತು. ಗೈಡುಗಳು ಕಾವ್ಯದ ತಂತ್ರ ಅಂತ ಒಂದು ಪಟ್ಟಿ, ಸಮಾಜದ ಮೌಲ್ಯ ಅಂತ ಇನ್ನೊಂದು ಪಟ್ಟಿ ಕೊಡುತ್ತವೆ. ಅವು ಎರಡಲ್ಲ. ಇಲ್ಲಿ ಸಾಲು ಹೇಗೆ ಕಟ್ಟಿದೆಯೋ ಸಮಾಜವೂ ಹಾಗೇ ಕಟ್ಟಿದೆ. ಬಿಡಿ ತುಂಡುಗಳನ್ನು ಒಂದು ನಂಟು ಹಿಡಿದು ನಿಲ್ಲಿಸುತ್ತದೆ. ಸಾಲಿನಲ್ಲಿ ಆ ನಂಟು ಅಕ್ಷರ. ಹಜಾರದಲ್ಲಿ ಆ ನಂಟು ಕಡಗ.

ಮೊದಲು ಸಾಲನ್ನೇ ನೋಡಿ. ಕಾವ್ಯದ 4ನೇ ಸಾಲು ಹೀಗಿದೆ:

ಓಫ್ಟ್ ಶುಲ್ಡ್ ಶೇವಿಂಗ್ — ಶೆಅದೆನ ಥ್ರೆಅಟುಮ್

"ಶೇಫನ ಮಗ ಶುಲ್ಡ್ ಎಷ್ಟೋ ಸಲ ಶತ್ರುಪಡೆಗಳಿಂದ..." ಅಂತ ಅರ್ಥ ಹೋಗುತ್ತದೆ. ಪ್ರತಿ ಸಾಲಿಗೆ ಎರಡು ಅರ್ಧ, ನಡುವೆ ಒಂದು ನಿಲುಗಡೆ. ಪ್ರತಿ ಅರ್ಧದಲ್ಲಿ ಎರಡೆರಡು ಕಡೆ ಒತ್ತು. ಎರಡನೇ ಅರ್ಧದ ಮೊದಲ ಒತ್ತು, ಅಂದರೆ ಮೂರನೆಯದು, ಇಡೀ ಸಾಲಿನ ಯಜಮಾನ. ಅದರ ಮೊದಲ ಸದ್ದು ಏನೋ, ಹಿಂದಿನ ಅರ್ಧದಲ್ಲಿ ಒಂದಾದರೂ ಒತ್ತು ಅದಕ್ಕೆ ಓಗೊಡಬೇಕು. ಎರಡೂ ಓಗೊಟ್ಟರೆ ಇನ್ನೂ ಚೆಂದ. ನಾಲ್ಕನೆಯದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಇಲ್ಲಿ ಶುಲ್ಡ್, ಶೇವಿಂಗ್, ಶೆಅದೆನ: ಮೂರೂ ಶ. ಸಾಲಿನ ಕೊನೆಗೆ ಪ್ರಾಸ ಇಲ್ಲ, ಮಾತ್ರೆಗಳ ಲೆಕ್ಕವೂ ಇಲ್ಲ. ಈ ಸದ್ದಿನ ನಂಟು ಬಿಚ್ಚಿದರೆ ಸಾಲು ಎರಡು ಹೋಳು.

ನಮ್ಮ ಆದಿಪ್ರಾಸದ ಹಾಗೆ ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ. ನಮ್ಮದರಲ್ಲಿ ಸಾಲಿನ ಎರಡನೇ ಅಕ್ಷರ ಮುಂದಿನ ಸಾಲಿನ ಎರಡನೇ ಅಕ್ಷರವನ್ನು ಕರೆಯುತ್ತದೆ. ಅವರದರಲ್ಲಿ ಸಾಲಿನ ಒಳಗೇ ಈ ದಡ ಆ ದಡವನ್ನು ಕರೆಯುತ್ತದೆ.

ಇನ್ನು ಕಡಗ. ರಾಜನಿಗೆ ಈ ಕಾವ್ಯದಲ್ಲಿ ಇರುವ ಹೆಸರುಗಳಲ್ಲಿ ಒಂದು "ಬೆಆಗ ಬ್ರುಟ್ಟ", ಕಡಗ ಮುರಿದು ಹಂಚುವವನು. ಇನ್ನೊಂದು "ಗೋಲ್ಡ್‌ವಿನೆ", ಚಿನ್ನದ ಗೆಳೆಯ. ಹಜಾರದಲ್ಲಿ ಕೂತು ಒಡೆಯ ಕೊಡುತ್ತಾನೆ, ಬಂಟ ತೆಗೆದುಕೊಳ್ಳುತ್ತಾನೆ. ತೆಗೆದುಕೊಂಡವನು ಕಾಳಗದ ದಿನ ಓಗೊಡಬೇಕು. ಯಜಮಾನ ಸದ್ದು ಕರೆದಾಗ ಹಿಂದಿನ ಒತ್ತು ಓಗೊಟ್ಟ ಹಾಗೆ.

ನೀವೇನು ಹೇಳುತ್ತೀರಿ?

ಎರಡನೇ ಸೆಮಿಸ್ಟರ್ · ಶನಿವಾರ, ರಾತ್ರಿ 10:02

ನಮಸ್ಕಾರ, ನಾನು ಈಗ ಇದನ್ನೇ ಓದುತ್ತಿದ್ದೇನೆ. ಕೆನ್ನಿಂಗ್, ಅಂದರೆ ಒಂದು ವಸ್ತುವನ್ನು ನೇರ ಹೆಸರಿನ ಬದಲು ಜೋಡುಪದದಿಂದ ಹೇಳುವುದು, ಅದರ ಬಗ್ಗೆ ಕೇಳಬೇಕಿತ್ತು. "ಕಡಲು ಅನ್ನಲು ತಿಮಿಂಗಿಲದ ಹಾದಿ, ಮೈ ಅನ್ನಲು ಮೂಳೆಮನೆ" ಅಂತ ಎಲ್ಲ ಕಡೆ ಇವೇ ಎರಡು ಉದಾಹರಣೆ. ಇದು ನಮ್ಮ ಸಮಾಸವೇ ಅಲ್ವಾ? ತಾವರೆಗೆ ನೀರಜ, ಜಲಜ, ಅಂಬುಜ ಅನ್ನುವ ಹಾಗೆ. ಸುಮ್ನೆ ಕಡಲು ಅಂದರೆ ಆಗುತ್ತಿರಲಿಲ್ಲವೇ?

ಹತ್ತುಸಾಲು · ಶನಿವಾರ, ರಾತ್ರಿ 10:40

ಒಳ್ಳೆ ಪ್ರಶ್ನೆ. ನೀರಜ, ಜಲಜ ಎಲ್ಲ ಒಂದೇ ಅಚ್ಚು: ನೀರಿನಲ್ಲಿ ಹುಟ್ಟಿದ್ದು. ನೀರಿಗೆ ಹೆಸರು ಬದಲಾಯಿಸಿದರೆ ತಾವರೆಗೂ ಹೆಸರು ಬದಲಾಗುತ್ತದೆ. ನಮ್ಮ ಕವಿಗೂ ಅದು ಅನುಕೂಲ, ಪ್ರಾಸಕ್ಕೆ ಬೇಕಾದ ಅಕ್ಷರ ಸಿಗುತ್ತದೆ. ಆ ಮಟ್ಟಿಗೆ ಎರಡೂ ಒಂದೇ. ಕವಿಗೆ ಹ ಬೇಕಾದಾಗ ಹ, ಸ ಬೇಕಾದಾಗ ಸ ಸಿಗಬೇಕು. ಆದರೆ ಬಿಯೊವುಲ್ಫ್ ಕವಿ ಅಷ್ಟಕ್ಕೇ ನಿಲ್ಲುವುದಿಲ್ಲ. ಕಡಲಿನ ಮೂರು ಹೆಸರು ಎಲ್ಲೆಲ್ಲಿ ಬರುತ್ತವೆ ನೋಡಿ.

10ನೇ ಸಾಲು. ಡೇನರ ಹಳೆಯ ರಾಜ ಶುಲ್ಡ್ ಬೆಳೆದು ದೊಡ್ಡವನಾಗಿ, ಸುತ್ತಲಿನವರೆಲ್ಲ ಅವನ ಮಾತು ಕೇಳಿ ಕಪ್ಪ ಕೊಡಬೇಕಾಯಿತು. ಅಲ್ಲಿ ಕಡಲು "ಹ್ರೋನ್‌ರಾಡ್", ತಿಮಿಂಗಿಲದ ಹಾದಿ. ದೊಡ್ಡ ಪ್ರಾಣಿ ಆಳುವ ಜಾಗ. ಜೊತೆಯ ಪದ "ಹ್ಯೂರನ್", ಮಾತು ಕೇಳು. ಹ, ಹ.

200ನೇ ಸಾಲು. ಹ್ರೋತ್‌ಗಾರನಿಗೆ ಜನ ಬೇಕಾಗಿದ್ದಾರೆ ಅಂತ ಕೇಳಿ ಬಿಯೊವುಲ್ಫ್ ಹೊರಡುತ್ತಾನೆ. ಯಾರೂ ಕರೆದಿಲ್ಲ, ತಾನೇ ಹೊರಟದ್ದು. ಈಗ ಅದೇ ಕಡಲು "ಸ್ವಾನ್‌ರಾಡ್", ಹಂಸದ ಹಾದಿ. ಜೊತೆಯ ಪದ "ಸೇಚನ್", ಹುಡುಕಿಕೊಂಡು ಹೋಗು. ಸ, ಸ.

1861ನೇ ಸಾಲು. ಗ್ರೆಂಡೆಲ್ ಸತ್ತ, ತಾಯಿಯೂ ಸತ್ತಳು. ಮುದಿ ರಾಜ ಬೀಳ್ಕೊಡುತ್ತ ಹೇಳುತ್ತಾನೆ: ಇನ್ನು ಮೇಲೆ ನಮ್ಮವರೂ ನಿಮ್ಮವರೂ ಒಬ್ಬರಿಗೊಬ್ಬರು ಉಡುಗೊರೆ ಕಳಿಸಿ ಕ್ಷೇಮ ಕೇಳುತ್ತಾರೆ, "ಗನೊಟೆಸ್ ಬಾಥ್" ದಾಟಿ. ಗ್ಯಾನೆಟ್ ಎಂಬ ಕಡಲಹಕ್ಕಿ ಮೀಯುವ ಜಾಗ. ಜೊತೆಯ ಪದ "ಗೋಡುಮ್", ಒಳ್ಳೆಯ ವಸ್ತುಗಳಿಂದ. ಗ, ಗ.

ಅದೇ ನೀರು. ಮೊದಲು ಅಂಜಿಕೆ, ಆಮೇಲೆ ಪಯಣ, ಕೊನೆಗೆ ಹಕ್ಕಿ ನೀರಾಟ ಆಡುವ ಹೊಂಡದ ಹಾಗೆ ಹತ್ತಿರ. ಕಪ್ಪ ಕೊಡುವ ನಂಟು ಹೋಗಿ ಉಡುಗೊರೆಯ ನಂಟು ಬಂದಿದೆ. ಈ ಮೂರನೆಯದಕ್ಕೆ ಬಂದ ರಾತ್ರಿ ನಾನು ಪುಸ್ತಕ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತುಬಿಟ್ಟೆ.

ಮೂಳೆಮನೆಯೂ ಅಷ್ಟೇ. 2508ನೇ ಸಾಲಿನಲ್ಲಿ ಬಿಯೊವುಲ್ಫ್ ತನ್ನ ಒಬ್ಬ ಹಗೆಯನ್ನು ಕತ್ತಿಯಿಂದಲ್ಲ, ಅಪ್ಪಿ ಹಿಸುಕಿ ಕೊಂದದ್ದನ್ನು ನೆನೆಯುತ್ತಾನೆ. ಮನೆ ಮುರಿಯಿತು ಅನ್ನುತ್ತಾನೆ. ಆ ಪದ ಅಲ್ಲಿ ಅಲಂಕಾರಕ್ಕೆ ಬಂದದ್ದಲ್ಲ, ಪಕ್ಕೆಲುಬು ತೊಲೆಯಂತೆ ಲಟಕ್ಕೆನ್ನುವುದು ಕಿವಿಗೆ ಬೀಳುತ್ತದೆ.

ಪ್ರಶ್ನೆಬುಟ್ಟಿ · ಭಾನುವಾರ, ಬೆಳಿಗ್ಗೆ 7:25

ಕಡಲಿನ ವಿಷಯ ಓದಿ ಖುಷಿಯಾಯಿತು. ಆದರೆ ಕಡಗದ ವಿಷಯ ನನಗೆ ಒಪ್ಪಿಗೆಯಾಗಲಿಲ್ಲ. ಒಡೆಯ ಚಿನ್ನ ಕೊಡುತ್ತಾನೆ, ಬಂಟ ಅದಕ್ಕಾಗಿ ಕೊಲ್ಲುತ್ತಾನೆ, ಸಾಯುತ್ತಾನೆ. ಇದನ್ನು ನಂಟು ಅನ್ನುವುದಾ, ಕೂಲಿ ಅನ್ನುವುದಾ? ಚೆಂದದ ಪದಗಳ ಹಿಂದೆ ಇರುವುದು ಬಾಡಿಗೆ ಸೈನ್ಯ ಅಲ್ವಾ?

ಹತ್ತುಸಾಲು · ಭಾನುವಾರ, ಬೆಳಿಗ್ಗೆ 9:00

ಈ ಅನುಮಾನ ನನಗೂ ಬಂದಿತ್ತು. ಅದನ್ನು ಕಳೆದದ್ದು ಗ್ರೆಂಡೆಲ್.

ಆ ಸಮಾಜದಲ್ಲಿ ವೆರ್ಗಿಲ್ಡ್ ಅಂತ ಇತ್ತು, ಅಂದರೆ ತಲೆಬೆಲೆ. ಕೊಂದವನು ಸತ್ತವನ ಮನೆಯವರಿಗೆ ಇಷ್ಟು ಅಂತ ಕೊಟ್ಟರೆ ಹಗೆ ಅಲ್ಲಿಗೆ ನಿಲ್ಲುತ್ತದೆ. ಕೊಡದಿದ್ದರೆ ಸೇಡು ತಲೆಮಾರು ದಾಟುತ್ತದೆ. ಗ್ರೆಂಡೆಲನ ಬಗ್ಗೆ ಕವಿ ಮಾಡುವ ದೂರು ಏನು ಗೊತ್ತಾ? ಜನರನ್ನು ತಿಂದ ಅನ್ನುವುದು ಸರಿ. ಅದರ ಜೊತೆಗೇ 154ರಿಂದ 158ರವರೆಗಿನ ಸಾಲುಗಳಲ್ಲಿ ಹೇಳುತ್ತಾನೆ: ಅವನು ಯಾವ ಡೇನನ ಜೊತೆಗೂ ರಾಜಿಗೆ ಬರಲಿಲ್ಲ, ಹಣ ಕೊಟ್ಟು ಹಗೆ ತೀರಿಸಲಿಲ್ಲ. ಅವನಿಂದ ಪರಿಹಾರ ಸಿಗುತ್ತದೆ ಅಂತ ಯಾವ ಹಿರಿಯನೂ ಕಾಯುವ ಹಾಗಿರಲಿಲ್ಲ. ರಾತ್ರಿಯೆಲ್ಲ ಹೆಯೊರೊಟ್ ಅವನದೇ. ಆದರೂ ಉಡುಗೊರೆ ಕೊಡುವ ಆ ಪೀಠದ ಹತ್ತಿರ ಮಾತ್ರ ಅವನಿಗೆ ಹೋಗಲಾಗಲಿಲ್ಲ. ರಕ್ಕಸ ಅಂದರೆ ಯಾರು? ಕೊಡು-ಕೊಳ್ಳುವಿಕೆಯ ಹೊರಗೆ ಉಳಿದವನು.

ಇದಕ್ಕೆ ಎದುರಾಗಿ ಹ್ರೋತ್‌ಗಾರನನ್ನು ನೋಡಿ. ಗ್ರೆಂಡೆಲ್ ಸತ್ತ ಮಾರನೇ ದಿನ ಎಲ್ಲರಿಗೂ ಉಡುಗೊರೆ ಕೊಟ್ಟ ಮೇಲೆ, ಆ ರಾತ್ರಿ ಗ್ರೆಂಡೆಲ್ ತಿಂದ ಒಬ್ಬ ಗೀಟ್ ಬಂಟನ ತಲೆಬೆಲೆಯನ್ನೂ ಚಿನ್ನದಲ್ಲಿ ಕೊಡಿಸುತ್ತಾನೆ. ಕೊಂದವನು ಇವನಲ್ಲ. ಸತ್ತವನು ಇವನ ಜನವಲ್ಲ. ಆದರೂ ತನ್ನ ಹಜಾರದಲ್ಲಿ ಸತ್ತ, ಹಾಗಾಗಿ ಋಣ ತನ್ನದು ಅನ್ನುತ್ತಾನೆ.

ಇನ್ನೂ ಹಿಂದಕ್ಕೆ ಹೋದರೆ, ಬಿಯೊವುಲ್ಫ್‌ನ ಅಪ್ಪ ಎಜ್‌ಥೇಯೋ ಒಬ್ಬನನ್ನು ಕೊಂದು ಊರು ಬಿಟ್ಟು ಓಡಿಬಂದಾಗ ಆ ತಲೆಬೆಲೆ ಕೊಟ್ಟು ಹಗೆ ಮುಗಿಸಿದವನು ಇದೇ ಹ್ರೋತ್‌ಗಾರ್. ಮಗ ಕಡಲು ದಾಟಿ ಬಂದದ್ದರಲ್ಲಿ ಆ ಹಳೆಯ ಋಣವೂ ಇದೆ. ಕೂಲಿಗೆ ಬಂದವನು ಸಿಕ್ಕಿದ್ದನ್ನು ಮನೆಗೆ ಒಯ್ಯುತ್ತಾನೆ ತಾನೆ? ಬಿಯೊವುಲ್ಫ್ ಹ್ರೋತ್‌ಗಾರ್ ಕೊಟ್ಟ ಕುದುರೆ, ಕವಚ, ಬಾವುಟ ಎಲ್ಲವನ್ನೂ ಊರಿಗೆ ತಂದು ತನ್ನ ರಾಜ ಹುಯೆಲಾಕನ ಮುಂದೆ ಇಡುತ್ತಾನೆ. ರಾಜ ಅದಕ್ಕೆ ತನ್ನ ತಂದೆಯ ಕತ್ತಿ, ಜಮೀನು, ಮನೆ ಕೊಡುತ್ತಾನೆ. ಚಿನ್ನ ಯಾರ ಹತ್ತಿರವೂ ನಿಲ್ಲುವುದಿಲ್ಲ.

ಅಂದ ಹಾಗೆ, ಹುಯೆಲಾಕ್ ಬಿಯೊವುಲ್ಫ್‌ನ ತಾಯಿಯ ಅಣ್ಣತಮ್ಮಂದಿರಲ್ಲಿ ಒಬ್ಬ. ಈಗಿನ ಇಂಗ್ಲಿಷಿನಲ್ಲಿ "ಅಂಕಲ್" ಅಂದರೆ ಯಾವ ಕಡೆಯವನು ಅಂತ ತಿಳಿಯುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ತಾಯಿಯ ಕಡೆಯವನಿಗೆ "ಏಆಮ್" ಅಂತ ಬೇರೆ ಪದವೇ ಇತ್ತು. ನಮಗೆ ಸೋದರಮಾವ ಅಂದರೆ ಸಾಕು, ಆ ಸಲಿಗೆ, ಆ ಹೊಣೆ ಎರಡೂ ಗೊತ್ತಾಗುತ್ತವೆ. ಆ ಜಾಗದಲ್ಲಿ ಕನ್ನಡದಲ್ಲಿ ಓದುವವರಿಗೆ ಮೂಲ ಜಾಸ್ತಿ ಹತ್ತಿರ.

ಅಡಿಕೆತೋಟ · ಭಾನುವಾರ, ಮಧ್ಯಾಹ್ನ 12:15

ಹೆಂಗಸರು ಎಲ್ಲಿ? ಕಡಗದ ನಂಟು ಗಂಡಸರದಾಯಿತು. ಹೆಣ್ಣನ್ನು "ಫ್ರೆಯೊದುವೆಬ್ಬೆ", ಶಾಂತಿ ನೇಯುವವಳು ಅನ್ನುತ್ತಾರೆ ಅಂತ ಓದಿದ್ದೆ. ಹಗೆ ಇರುವ ಮನೆಗೆ ಮಗಳನ್ನು ಕೊಟ್ಟು ರಾಜಿ ಮಾಡಿಕೊಳ್ಳುವುದು. ನೂಲೇ ಅವಳು, ಮಗ್ಗ ಬೇರೆಯವರದು. ಆ ಹೆಸರು ನನಗೆ ಸಂಕಟ ಕೊಡುತ್ತದೆ.

ಹತ್ತುಸಾಲು · ಭಾನುವಾರ, ಮಧ್ಯಾಹ್ನ 2:30

ನಿಮ್ಮ ಸಂಕಟ ಕವಿಗೂ ಇತ್ತು ಅಂತ ನಾನು ನಂಬುತ್ತೇನೆ. ಹಜಾರದಲ್ಲಿ ಗೆಲುವಿನ ಊಟ ನಡೆಯುತ್ತಿರುವಾಗ ಹಾಡುಗಾರ ಹಾಡುವುದು ಏನನ್ನು? ಹಿಲ್ಡೆಬುರ್ಹಳ ಕಥೆ. ಅವಳು ಡೇನರ ಮಗಳು, ಫ್ರಿಸಿಯನ್ ರಾಜ ಫಿನ್‌ನ ಹೆಂಡತಿ. ತವರಿಗೂ ಗಂಡನ ಮನೆಗೂ ಕಾಳಗವಾಗಿ ಒಂದು ಕಡೆ ಅವಳ ಅಣ್ಣ, ಇನ್ನೊಂದು ಕಡೆ ಅವಳ ಮಗ ಸತ್ತರು. ಅವಳು ಬಾಯಿಬಿಟ್ಟು ಕೊಡುವ ಅಪ್ಪಣೆ ಒಂದೇ: ಮಗನನ್ನು ಅವನ ಸೋದರಮಾವನ ಪಕ್ಕದಲ್ಲೇ, ಅದೇ ಚಿತೆಯ ಮೇಲೆ ಇಡಿ. ಬದುಕಿದ್ದಾಗ ಎದುರುಬದುರು ನಿಂತವರನ್ನು ಅವಳು ಬೆಂಕಿಯಲ್ಲಿ ಒಟ್ಟಿಗೆ ಮಲಗಿಸಿದಳು. ಆಮೇಲೆ ಗಂಡನೂ ಕೊಲೆಯಾಗುತ್ತಾನೆ. ಅವಳನ್ನು ಹಡಗು ಹತ್ತಿಸಿ ತವರಿಗೆ ತರುತ್ತಾರೆ.

ಹಾಡು ನಿಂತ ಕೂಡಲೇ ಬರುವವಳು ರಾಣಿ ವೆಆಲ್ಹ್‌ಥೇಯೋ, ಕೈಯಲ್ಲಿ ಪಾನಪಾತ್ರೆ. ತನ್ನ ಇಬ್ಬರು ಗಂಡುಮಕ್ಕಳಿಗೆ ಮುಂದೆ ಏನೂ ಆಗದಿರಲಿ ಅಂತ ಬಿಯೊವುಲ್ಫ್‌ನಿಗೆ ಕಂಠಹಾರ ಕೊಟ್ಟು ಕೇಳಿಕೊಳ್ಳುತ್ತಾಳೆ. ಹಾಡು ಕೇಳಿದವರಿಗೆ ಅವಳ ಗತಿಯೂ ಕಾಣುತ್ತಿರುತ್ತದೆ. ಆ ಹಾರವೂ ಉಳಿಯುವುದಿಲ್ಲ. ಹುಯೆಲಾಕ್ ಫ್ರಿಸಿಯಾದ ಮೇಲೆ ದಂಡೆತ್ತಿ ಹೋಗಿ ಸತ್ತಾಗ ಅದು ಅವನ ಕೊರಳಲ್ಲಿತ್ತು ಅಂತ ಕವಿ ಆ ಊಟದ ನಡುವೆಯೇ ಹೇಳಿಬಿಡುತ್ತಾನೆ. (ಹುಯೆಲಾಕನ ಈ ದಾಳಿ ನಿಜವಾಗಿ ನಡೆದದ್ದು. ಸುಮಾರು 520ರ ಹೊತ್ತಿಗೆ. ಟೂರ್ಸ್‌ನ ಗ್ರೆಗರಿ ಎಂಬ ಆರನೇ ಶತಮಾನದ ಇತಿಹಾಸಕಾರ ಅದನ್ನು ಬರೆದಿದ್ದಾನೆ.)

ಊರಿಗೆ ಮರಳಿದ ಬಿಯೊವುಲ್ಫ್ ಹ್ರೋತ್‌ಗಾರನ ಮಗಳು ಫ್ರೆಯಾವರುವಿನ ಮದುವೆಯ ಬಗ್ಗೆ ಹೇಳುವ ಮಾತು ಇನ್ನೂ ಕಠೋರ. ಹಗೆಯ ಮನೆಗೆ ಕೊಡುತ್ತಿದ್ದಾರೆ, ಇದು ನಿಲ್ಲುವುದಿಲ್ಲ ಅನ್ನುತ್ತಾನೆ. ಮದುವೆ ಊಟದಲ್ಲಿ ಗಂಡಿನ ಕಡೆಯ ಒಬ್ಬ ಮುದಿ ಬಂಟ, ಹೆಣ್ಣಿನ ಕಡೆಯವನ ಸೊಂಟದಲ್ಲಿರುವ ಕತ್ತಿ ತೋರಿಸಿ, "ಅದು ನಿನ್ನ ಅಪ್ಪನದು, ಗುರುತು ಸಿಕ್ಕಿತಾ?" ಅಂತ ಒಬ್ಬ ಹುಡುಗನನ್ನು ಕೆಣಕುತ್ತಾನಂತೆ. ಮತ್ತೆ ಮತ್ತೆ ಕೆಣಕುತ್ತಾನಂತೆ. ಅಲ್ಲಿಗೆ ನೂಲು ಹರಿಯಿತು. ಇನ್ನೂ ನಡೆಯದ ಘಟನೆಯನ್ನು ಕವಿ ಇಷ್ಟು ಹತ್ತಿರದಿಂದ ತೋರಿಸುತ್ತಾನೆ.

ಎರಡನೇ ಸೆಮಿಸ್ಟರ್ · ಭಾನುವಾರ, ಸಂಜೆ 6:05

ಲೈಟೊಟೀಸ್ ಬಗ್ಗೆ ಒಂದು ಸಾಲು ಹೇಳಿ, ಪರೀಕ್ಷೆಗೆ ಬೇಕು. ವಿರ್ಡ್ ಅಂದರೆ ವಿಧಿಯೇ ಅಲ್ವಾ?

ಹತ್ತುಸಾಲು · ಭಾನುವಾರ, ಸಂಜೆ 6:50

ಲೈಟೊಟೀಸ್ ಅಂದರೆ ಇಲ್ಲ ಅಂತ ಹೇಳಿ ಇದೆ ಅನ್ನಿಸುವುದು. ನಾವು "ಊಟಕ್ಕೇನೂ ಕಮ್ಮಿ ಇರಲಿಲ್ಲ" ಅನ್ನುವ ಹಾಗೆ. ಗ್ರೆಂಡೆಲ್ ಸತ್ತಾಗ "ಅವನು ಪ್ರಾಣ ಬಿಟ್ಟದ್ದು ಯಾರಿಗೂ ನೋವು ಅನ್ನಿಸಲಿಲ್ಲ". ರಕ್ತ ಕುದಿಯುವ ಮಡುವಿನ ಬಗ್ಗೆ "ಅದು ಹಿತವಾದ ಜಾಗವಲ್ಲ". ಅಷ್ಟೇ.

ವಿರ್ಡ್‌ಗೆ ಹಣೆಬರಹ ಅಂತ ಬರೆದರೆ ಅರ್ಧ ಸರಿ. 572ನೇ ಸಾಲಿನಿಂದ ಬಿಯೊವುಲ್ಫ್ ಹೇಳುವುದನ್ನು ಸೇರಿಸಿ: ಸಾವು ಬರೆದಿಲ್ಲದವನನ್ನು ವಿರ್ಡ್ ಎಷ್ಟೋ ಸಲ ಉಳಿಸುತ್ತದೆ, ಅವನ ಕೆಚ್ಚು ಗಟ್ಟಿಯಾಗಿದ್ದರೆ. ಆ "ಗಟ್ಟಿಯಾಗಿದ್ದರೆ" ಬಿಡಬೇಡಿ.

ಥೇಮ್ಸ್ ದಡ · ಭಾನುವಾರ, ರಾತ್ರಿ 11:30

ನಾನು ಲಂಡನ್ನಿನಲ್ಲಿದ್ದೇನೆ. 2018ರ ಕೊನೆಯಲ್ಲಿ ಬ್ರಿಟಿಷ್ ಲೈಬ್ರರಿಯಲ್ಲಿ ಆಂಗ್ಲೋ-ಸ್ಯಾಕ್ಸನ್ ರಾಜ್ಯಗಳ ಬಗ್ಗೆ ಒಂದು ಪ್ರದರ್ಶನ ನಡೆಯಿತು. ಹಳೆಯ ಇಂಗ್ಲಿಷ್ ಕಾವ್ಯದ ನಾಲ್ಕು ಮುಖ್ಯ ಹಸ್ತಪ್ರತಿಗಳನ್ನೂ ಒಂದೇ ಕಡೆ ಇಟ್ಟಿದ್ದರು. ಇಟಲಿಯ ವೆರ್ಚೆಲ್ಲಿಯಲ್ಲಿರುವುದೂ ಬಂದಿತ್ತು. ಬಿಯೊವುಲ್ಫ್ ಪ್ರತಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಅಂಚೆಲ್ಲ ಕಂದಿ, ಮುಕ್ಕಾಗಿ, ಸುಟ್ಟ ಹಪ್ಪಳದ ಹಾಗಿದೆ. ಒಂದೊಂದು ಹಾಳೆಗೂ ಸುತ್ತ ಕಾಗದದ ಚೌಕಟ್ಟು ಹಾಕಿದ್ದಾರೆ, ಮುಟ್ಟಿದರೆ ಉದುರದಿರಲಿ ಅಂತ.

1731ರ ಅಕ್ಟೋಬರ್ 23ರಂದು ಅದು ಇದ್ದ ಆಶ್‌ಬರ್ನಂ ಹೌಸ್ ಎಂಬ ಕಟ್ಟಡಕ್ಕೆ ಬೆಂಕಿ ಬಿತ್ತು. ಪ್ರತಿ ಉಳಿಯಿತು, ಆದರೆ ಆಮೇಲೂ ಅಂಚು ಉದುರುತ್ತಲೇ ಇತ್ತು. 1787ರ ಸುಮಾರಿಗೆ ಥೋರ್ಕೆಲಿನ್ ಎಂಬ ಐಸ್‌ಲ್ಯಾಂಡ್ ಮೂಲದ ವಿದ್ವಾಂಸ ನಕಲು ಮಾಡಿಸಿಕೊಂಡ, ತಾನೂ ಮಾಡಿದ. ಈಗ ಮೂಲದಲ್ಲಿ ಇಲ್ಲದ ಎಷ್ಟೋ ಅಕ್ಷರ ಆ ನಕಲುಗಳಲ್ಲಿ ಮಾತ್ರ ಇವೆ. 1815ರಲ್ಲಿ ಅವನೇ ಕೋಪನ್‌ಹೇಗನ್ನಿನಲ್ಲಿ ಮೊದಲ ಸಲ ಅಚ್ಚು ಹಾಕಿಸಿದ. ಪ್ರತಿ ಬರೆದವರು ಇಬ್ಬರು, ಕ್ರಿ.ಶ. 1000ದ ಆಸುಪಾಸಿನವರು. 1939ನೇ ಸಾಲಿನಲ್ಲಿ ಕೈಬರಹ ಬದಲಾಗುತ್ತದೆ. ಈ ಇಬ್ಬರ ಹೆಸರೂ ಗೊತ್ತಿಲ್ಲ, ಕವಿಯ ಹೆಸರೂ ಗೊತ್ತಿಲ್ಲ. ಇಡೀ ಜಗತ್ತಿನಲ್ಲಿ ಇದೊಂದೇ ಪ್ರತಿ.

ಹಳಗನ್ನಡ ಮೇಷ್ಟ್ರು · ಸೋಮವಾರ, ಬೆಳಿಗ್ಗೆ 6:40

ಒಂದೇ ಪ್ರತಿ ಅನ್ನುವ ಮಾತು ಓದಿ ಎದೆ ಝಲ್ಲೆಂದಿತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಂಥ ಒಬ್ಬ ತಾಯಿ ಅಲ್ಲಿಯೂ ಇದ್ದಿದ್ದರೆ ಇನ್ನೆಷ್ಟು ಕಾವ್ಯ ಉಳಿಯುತ್ತಿತ್ತೋ.

ಒಡೆಯ-ಬಂಟರ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಜೋಳದಪಾಳಿ ಅನ್ನುತ್ತಾರೆ, ಉಂಡ ಅನ್ನದ ಋಣ. ವೇಳೆವಾಳಿ ಅಂದರೆ ಒಡೆಯ ಸತ್ತರೆ ತಾನೂ ಬದುಕುವುದಿಲ್ಲ ಅನ್ನುವ ಹರಕೆ. ಹಳೇಬೀಡಿನಲ್ಲಿ ಕುವರ ಲಕ್ಷ್ಮನ ಕಂಬವಿದೆ. ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಅವನ ಗರುಡ, ಅಂದರೆ ಪ್ರಾಣ ಮುಡಿಪಿಟ್ಟ ಅಂಗರಕ್ಷಕ, ಆಗಿದ್ದ ಲಕ್ಷ್ಮ, ಹೆಂಡತಿ, ಪರಿವಾರದವರು ಎಲ್ಲರೂ ಪ್ರಾಣ ಕೊಟ್ಟರು. ತಲೆ ಕೊಟ್ಟುಕೊಳ್ಳುವ ವೀರರನ್ನು ಕಂಬದ ಮೇಲೆ ಕೆತ್ತಿದ್ದಾರೆ. ಆಂಗ್ಲೋ-ಸ್ಯಾಕ್ಸನ್ನರದೂ ಇಂಥದೇ ಅನ್ನಬಹುದೇ?

ಹತ್ತುಸಾಲು · ಸೋಮವಾರ, ರಾತ್ರಿ 8:20

ಮೇಷ್ಟ್ರೇ, ಹತ್ತಿರ ಇದೆ, ಆದರೆ ಒಂದು ವ್ಯತ್ಯಾಸ ಉಂಟು. ಒಡೆಯ ಬಿದ್ದ ಕಾಳಗದಿಂದ ಬದುಕಿ ಬಂದರೆ ಜನ್ಮವಿಡೀ ಅವಮಾನ ಅಂತ ರೋಮಿನ ಟಾಸಿಟಸ್ ಕ್ರಿ.ಶ. 98ರಲ್ಲೇ ಜರ್ಮನಿಯ ಬುಡಕಟ್ಟುಗಳ ಬಗ್ಗೆ ಬರೆದಿದ್ದಾನೆ. ಆದರೆ ಅವರು ತಾವಾಗಿ ತಲೆ ಕೊಟ್ಟುಕೊಳ್ಳುವುದಿಲ್ಲ. ಕಾಳಗ ಬಿಟ್ಟು ಹೋಗುವುದಿಲ್ಲ ಅಷ್ಟೇ. ಅದಕ್ಕಿಂತ ಮುಖ್ಯ ಅಂದರೆ, ನಿಮ್ಮ ಕಂಬ ಉಳಿದು ನಿಂತವರನ್ನು ತೋರಿಸುತ್ತದೆ. ಬಿಯೊವುಲ್ಫ್ ಕವಿ ಓಡಿಹೋದವರನ್ನೂ ತೋರಿಸುತ್ತಾನೆ.

ಡ್ರ್ಯಾಗನ್ ಗುಹೆಯ ಹತ್ತಿರ ಮುದಿ ರಾಜ ಉರಿಯಲ್ಲಿ ನಿಂತಿದ್ದಾನೆ. ಆರಿಸಿ ತಂದ ಬಂಟರಲ್ಲಿ 10 ಜನ ಕಾಡಿಗೆ ಓಡಿದರು. ಒಬ್ಬ ನಿಂತ: ವಿಗ್‌ಲಾಫ್. ಇನ್ನೂ ಹುಡುಗ, ರಾಜನ ಪಕ್ಕ ನಿಂತು ಕಾದುವುದು ಇದೇ ಮೊದಲು. ಅವನಿಗೆ ಕಾಲು ಕಿತ್ತು ಮುಂದೆ ಇಡಿಸಿದ್ದು ಏನು? ರಾಜ ಕೊಟ್ಟ ಮನೆ, ಜಮೀನಿನ ನೆನಪು. "ಜೇನುಮದ್ಯ ಕುಡಿಯುತ್ತ ಹಜಾರದಲ್ಲಿ ನಾವು ಮಾತು ಕೊಟ್ಟಿದ್ದೆವಲ್ಲ, ಕಡಗ ಕೊಟ್ಟವನಿಗೆ ಇಂಥ ದಿನ ಬಂದರೆ ಋಣ ತೀರಿಸುತ್ತೇವೆ ಅಂತ" ಅನ್ನುತ್ತಾನೆ. ರಾಜ ಸತ್ತ ಮೇಲೆ ಆ 10 ಜನ ತಲೆ ತಗ್ಗಿಸಿಕೊಂಡು, ಗುರಾಣಿ ಹೊತ್ತುಕೊಂಡು ಬರುತ್ತಾರೆ. ವಿಗ್‌ಲಾಫ್ ಸೋತು ಕೂತು, ಸತ್ತ ರಾಜನಿಗೆ ನೀರು ಚಿಮುಕಿಸುತ್ತಿದ್ದಾನೆ, ಎದ್ದಾನು ಅಂತ. ತಲೆ ಎತ್ತಿ ಹೇಳುತ್ತಾನೆ: ಅವಮಾನದ ಬಾಳಿಗಿಂತ ಸಾವು ಮೇಲು.

ಮಾಲ್ಡನ್ ಕಾಳಗ ಎಂಬ ಇನ್ನೊಂದು ಹಳೆಯ ಇಂಗ್ಲಿಷ್ ಪದ್ಯದಲ್ಲೂ ಇದೇ ಬಿರುಕು. 991ರ ಆಗಸ್ಟ್, ಎಸೆಕ್ಸ್, ಎದುರಿಗೆ ವೈಕಿಂಗರು. ಬ್ಯೂರ್ಹ್ಟ್‌ನೋತ್ ಎಂಬ ಹಿರಿಯ ನಾಯಕ ಬಿದ್ದ. ಗೋಡ್ರಿಕ್ ಎಂಬವನು ಆ ನಾಯಕನದೇ ಕುದುರೆ ಹತ್ತಿ ಓಡಿದ. ದೂರದಿಂದ ಕುದುರೆ ನೋಡಿದವರು ನಾಯಕನೇ ಹಿಂದಿರುಗಿದ ಅಂದುಕೊಂಡು ತಾವೂ ಓಡಿದರು. ಪಡೆ ಒಡೆಯಿತು. ಅದೇ ಗೋಡ್ರಿಕ್‌ಗೆ ನಾಯಕ ಎಷ್ಟೋ ಕುದುರೆ ಉಡುಗೊರೆ ಕೊಟ್ಟಿದ್ದ ಅಂತ ಕವಿ ಅಲ್ಲೇ ನೆನಪಿಸುತ್ತಾನೆ. ಈ ಪದ್ಯದ ಪ್ರತಿ 1731ರ ಅದೇ ಬೆಂಕಿಯಲ್ಲಿ ಪೂರ್ತಿ ಸುಟ್ಟುಹೋಯಿತು. ಮೊದಲೇ ಯಾರೋ ನಕಲು ಮಾಡಿಟ್ಟಿದ್ದರಿಂದ 325 ಸಾಲು ಉಳಿದಿವೆ.

ಉಳಿದು ನಿಂತವರಲ್ಲಿ ಬ್ಯೂರ್ಹ್ಟ್‌ವೋಲ್ಡ್ ಎಂಬ ಮುದುಕ ಆಡುವ ಎರಡು ಸಾಲು ಬಹಳ ಹೆಸರಾದವು. ಕನ್ನಡದಲ್ಲಿ ಅಕ್ಷರದ ನಂಟು ಇಟ್ಟು ತರಲು ನೋಡಿದೆ:

ಕೆಚ್ಚು ಕಡುವಾಗಲಿ — ಎದೆ ಕುದಿಯಲಿ,
ಮೈಬಲ ಮುಗಿದಷ್ಟೂ — ಮನಸ್ಸು ಎದ್ದು ನಿಲ್ಲಲಿ.

ಅಡಿಕೆತೋಟ · ಸೋಮವಾರ, ರಾತ್ರಿ 9:05

ನೀವೇ ಹೇಳಿದ ನಿಯಮ ಹಿಡಿದು ನೋಡಿದರೆ ಮೊದಲ ಸಾಲು ತಪ್ಪುತ್ತದೆ. ಮೂರನೇ ಒತ್ತು "ಎದೆ". ಕ ಬರುವುದು ನಾಲ್ಕನೆಯದರಲ್ಲಿ. ತಿರುಗಿಸಿ ನೋಡಿ: "ಕೆಚ್ಚು ಕಡುವಾಗಲಿ — ಕುದಿಯಲಿ ಎದೆ."

ಹತ್ತುಸಾಲು · ಸೋಮವಾರ, ರಾತ್ರಿ 9:12

ಹೌದು! ಎರಡು ಪದ ಅದಲು ಬದಲು ಮಾಡಿದ್ದಕ್ಕೆ ಸಾಲು ಎದ್ದು ಕೂತಿತು. ಬಾಯಿಬಿಟ್ಟು ಓದಿದೆ, ನಿಲುಗಡೆ ದಾಟಿದ ಕೂಡಲೇ ಕ ಬಂದು ತಾಗುತ್ತದೆ. ನಿಮಗೆ ತುಂಬಾ ಧನ್ಯವಾದ.

ಎರಡನೇ ಸೆಮಿಸ್ಟರ್ · ಸೋಮವಾರ, ರಾತ್ರಿ 9:40

ಬಿಯೊವುಲ್ಫ್ ಕಾವ್ಯದ ಮೊದಲ ಪದ "ಹ್ವ್ಯಾಟ್" ಕನ್ನಡಕ್ಕೆ ಹೇಗೆ ತರುವುದು? "ಕೇಳಿರಿ!" ಅಂತ ಹಾಕಿದ್ದೆ.

ಥೇಮ್ಸ್ ದಡ · ಮಂಗಳವಾರ, ಮಧ್ಯರಾತ್ರಿ 12:20

ಬಹಳ ದಿನದವರೆಗೆ ಎಲ್ಲರೂ ಹಾಗೇ ಮಾಡಿದ್ದರು, ಜನರನ್ನು ಸುಮ್ಮನಿರಿಸುವ ಕೂಗು ಅಂತ. 2013ರಲ್ಲಿ ಜಾರ್ಜ್ ವಾಕ್ಡನ್ ಎಂಬ ಭಾಷಾವಿಜ್ಞಾನಿ ಅದು ಬಿಡಿ ಕೂಗಲ್ಲ, ಇಡೀ ವಾಕ್ಯಕ್ಕೆ ಸೇರಿದ ಉದ್ಗಾರ ಅಂತ ವಾದಿಸಿದ. ಕನ್ನಡದಲ್ಲಿ "ಎಂಥ" ಇದೆಯಲ್ಲ. "ಹಿಂದಿನ ದಿನಗಳ ಡೇನ್ ದೊರೆಗಳದು ಎಂಥ ಹಿರಿಮೆ ಕೇಳಿದ್ದೇವೆ ನಾವು!" ಅಂದರೆ ಅವನ ವಾದಕ್ಕೆ ಸರಿಯಾಗಿ ಕೂರುತ್ತದೆ.

ಪ್ರಶ್ನೆಬುಟ್ಟಿ · ಮಂಗಳವಾರ, ಬೆಳಿಗ್ಗೆ 7:10

ನನ್ನ ಕೂಲಿಯ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಇನ್ನೊಂದು ಉಳಿದಿದೆ. ಚಿನ್ನ ನಿಲ್ಲದೆ ಕೈಯಿಂದ ಕೈಗೆ ಹೋಗುವುದೇ ಈ ಕಾವ್ಯದ ಜೀವ ಅಂದಿರಿ. ಹಾಗಿದ್ದರೆ ಕೊನೆಯಲ್ಲಿ ಅಷ್ಟು ದೊಡ್ಡ ನಿಧಿಯನ್ನು ಬಿಯೊವುಲ್ಫ್ ಜೊತೆ ಯಾಕೆ ಹೂಳುತ್ತಾರೆ? ಜನ ಹಂಚಿಕೊಳ್ಳಬಹುದಿತ್ತಲ್ಲ.

ಹತ್ತುಸಾಲು · ಮಂಗಳವಾರ, ರಾತ್ರಿ 9:30

ಇದಕ್ಕೆ ಉತ್ತರ ಬರೆಯಲು ಇಡೀ ದಿನ ಯೋಚಿಸಿದೆ.

ಮಾತೂ ಇವರಿಗೆ ನಿಧಿಯೇ. ಬಿಯೊವುಲ್ಫ್ ಡೇನರ ದಡಕ್ಕೆ ಬಂದು ಇಳಿದಾಗ ಕಾವಲುಗಾರ ಯಾರು ನೀವು ಅಂತ ಕೇಳುತ್ತಾನೆ. ಆಗ ಕವಿ ಅನ್ನುತ್ತಾನೆ, "ವೋರ್ಡ್‌ಹೋರ್ಡ್ ಒನ್ಲೇಆಕ್": ಅವನು ಪದಗಳ ಉಗ್ರಾಣದ ಬೀಗ ತೆಗೆದ. ಮಾತಾಗಲಿ ಚಿನ್ನವಾಗಲಿ, ಬೀಗ ತೆಗೆದು ಕೊಟ್ಟಾಗಲೇ ಬೆಲೆ. ಡ್ರ್ಯಾಗನ್ ಮಾಡುವುದು ಇದರ ಉಲ್ಟಾ. 300 ವರ್ಷ ಚಿನ್ನದ ಮೇಲೆ ಮಲಗಿತ್ತು, ಯಾರಿಗೂ ಕೊಡಲಿಲ್ಲ, ತನಗೂ ಅದರಿಂದ ಏನೂ ಆಗಲಿಲ್ಲ. ಒಂದು ಬಟ್ಟಲು ಕಳುವಾದದ್ದಕ್ಕೆ ಊರೆಲ್ಲ ಸುಟ್ಟಿತು.

ಆ ಚಿನ್ನ ಅಲ್ಲಿಗೆ ಬಂದದ್ದು ಹೇಗೆ? 2247ನೇ ಸಾಲಿನಿಂದ ಒಬ್ಬ ಹೆಸರಿಲ್ಲದ ಮನುಷ್ಯ ಮಾತಾಡುತ್ತಾನೆ. ಅವನ ಕುಲವೆಲ್ಲ ಕಾಳಗದಲ್ಲಿ ಮುಗಿದಿದೆ. ಅವನೊಬ್ಬನೇ ಉಳಿದಿದ್ದಾನೆ, ಜೊತೆಗೆ ಕುಲದ ಅಷ್ಟೂ ಚಿನ್ನ. ಕತ್ತಿ ಹಿಡಿಯುವವರಿಲ್ಲ, ಬಟ್ಟಲು ತೊಳೆಯುವವರಿಲ್ಲ, ತಂತಿವಾದ್ಯದ ಸದ್ದಿಲ್ಲ, ಹಜಾರದಲ್ಲಿ ಗಿಡುಗ ಹಾರುವುದಿಲ್ಲ, ಅಂಗಳದಲ್ಲಿ ಕುದುರೆ ಗೊರಸು ಬಡಿಯುವುದಿಲ್ಲ. ಅವನ ಹತ್ತಿರ ಎಲ್ಲ ಇದೆ, ಕೊಡಲು ಒಬ್ಬರೂ ಇಲ್ಲ. ಅದಕ್ಕೇ ನೆಲಕ್ಕೆ ಕೊಡುತ್ತಾನೆ.

ಬಿಯೊವುಲ್ಫ್ ಸಾಯುವಾಗ ಆ ನಿಧಿ ಜನಕ್ಕೆ ಸಿಕ್ಕಿತಲ್ಲ ಅಂತ ಸಮಾಧಾನಪಡುತ್ತಾನೆ. ಆದರೆ ಹಂಚುವವನೇ ಹೋದ. ಪಡೆದದ್ದಕ್ಕೆ ಓಗೊಡಬೇಕಾದ 10 ಜನ ಕಾಡಿಗೆ ಓಡಿದ್ದರು. ಇನ್ನು ಸುತ್ತಲಿನ ಹಗೆಗಳು ಮೇಲೆ ಬೀಳುತ್ತಾರೆ ಅಂತ ದೂತ ಬಂದು ಹೇಳುತ್ತಾನೆ. ಚಿತೆಯ ಹತ್ತಿರ ಒಬ್ಬ ಹೆಂಗಸು ಬರುವ ದಿನಗಳನ್ನು ನೆನೆದು ಅಳುತ್ತಾಳೆ, ಆ ಜಾಗದಲ್ಲಿ ಹಸ್ತಪ್ರತಿಯೂ ಹಾಳಾಗಿದೆ. ಗೀಟರು ಆ ಚಿನ್ನವನ್ನೆಲ್ಲ ಅವನ ದಿಬ್ಬದೊಳಗೆ ಇಟ್ಟರು. ಕವಿ ಹೇಳುವುದು ಇಷ್ಟೇ: ಅದು ಈಗಲೂ ಅಲ್ಲೇ ಇದೆ, ಮೊದಲಿನಂತೆಯೇ ಯಾರಿಗೂ ಉಪಯೋಗವಿಲ್ಲದೆ. ನಂಟು ಕಳಚಿದ ಮೇಲೆ ಕಡಗ ಬರೀ ಲೋಹ.

ಆ ಒಂಟಿ ಮನುಷ್ಯನ ಮೊದಲ ಸಾಲು "ಹೆಆಲ್ಡ್ ಥೂ ನೂ, ಹ್ರೂಸೆ". ಮೂಲದಲ್ಲಿ ಹ. ನನಗೆ ಕನ್ನಡದಲ್ಲಿ ನ ಸಿಕ್ಕಿತು. ಅಡಿಕೆತೋಟ ಅವರೇ, ಒತ್ತು ಎಣಿಸಿ ನೋಡಿ ಹೇಳಿ:

ನೆಲವೇ, ನೀನಿಟ್ಟುಕೋ — ನಮ್ಮವರಿಗಿನ್ನು ದಕ್ಕದು.

ಅಡಿಕೆತೋಟ · ಮಂಗಳವಾರ, ರಾತ್ರಿ 10:15

ಎಣಿಸಿದೆ. ನೆಲ, ನೀ, ನಮ್ಮ. ನಾಲ್ಕನೆಯದು ಸುಮ್ಮನಿದೆ.